ಬೆಟ್ಟದ ಎರಡು ದನ

ಶಿಕಾಗೊ ಎಂದ ಕೂಡಲೇ ನಮ್ಮ ಬಳಗದವರಿಗೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ ಮತ್ತು ವಿವೇಕಾನಂದರ ಭಾಷಣ. ಆ ಭಾಷಣ ನಡೆದ ದಿನವೂ ಅದೇ ಊರಿನ ದಕ್ಷಿಣ ಭಾಗದಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಭಾರಿ ದನದ ಸಂತೆ ಎಂದಿನಂತೆ ನಡೆದಿತ್ತು. 1865ರ ಕ್ರಿಸ್‌ಮಸ್ ದಿನ ತೆರೆದ ಸಂತೆ 1971ರಲ್ಲಿ ಮುಚ್ಚಿತು. ಈಗ ಉಳಿದಿರುವುದು ಸುಣ್ಣಕಲ್ಲಿನ ಒಂದು ಹೆಬ್ಬಾಗಿಲು. ನಡುವಿನ ಕಮಾನಿನ ಮೇಲೆ ಕಲ್ಲಲ್ಲಿ ಕೆತ್ತಿದ ಹೋರಿಯ ತಲೆ. ಇಟಾಸ್ಕಾದ ನಮಗೆ ಅದು ಮೂವತ್ತು ಮೈಲಿಯೊಳಗಿನ ದಾರಿ. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಮಿಲೆನಿಯಂ ಪಾರ್ಕು ತೋರಿಸುತ್ತೇವೆ, ಅರೋರಾದ ಬಾಲಾಜಿಯನ್ನು ತೋರಿಸುತ್ತೇವೆ, ಈ ಬಾಗಿಲನ್ನು ತೋರಿಸುವುದಿಲ್ಲ. ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ದನದ ತಳಿಗಳ ಚರಿತ್ರೆ ಓದಲು ಕೂತವರು ಈ ಬಾಗಿಲನ್ನು ದಾಟದೆ ಗತಿಯಿಲ್ಲ. ಇಂಥ ಸಂತೆಗಳಿಗೆ ಬೇಕಾಗಿದ್ದುದು ಬೇಗ ಕೊಬ್ಬುವ ದನ: ಶಾರ್ಟ್‌ಹಾರ್ನ್, ಹೆರೆಫರ್ಡ್, ಆಂಗಸ್. ಆ ಅವಸರಕ್ಕೆ ಒಗ್ಗದ ತಳಿಯೊಂದಿತ್ತು. ಅದು ಸ್ಕಾಟ್ಲೆಂಡಿನ ಮಲೆನಾಡಿನ ಹೈಲ್ಯಾಂಡ್ ದನ. ಕಣ್ಣಿನ ಮೇಲೆ ಜೋತುಬಿದ್ದ ಉದ್ದ ಕೂದಲು, ಅಗಲ ಕೊಂಬು, ಕೆಂಚು ಬಣ್ಣ. ಅದನ್ನು ಕ್ಯಾಲೆಂಡರುಗಳಲ್ಲಿ ನೀವೂ ಕಂಡಿರುತ್ತೀರಿ. ಹೊರಗೆ ಎಣ್ಣೆಯಂಶದ ಉದ್ದ ಕೂದಲು, ಒಳಗೆ ತುಪ್ಪಟದಂಥ ಇನ್ನೊಂದು ಪದರ. ಹೀಗಾಗಿ ಮಳೆ, ಹಿಮ, ಕೀಳು ಹುಲ್ಲು ಎಲ್ಲವನ್ನೂ ತಾಳಿಕೊಳ್ಳುತ್ತದೆ. ಬೆಳವಣಿಗೆ ಮಾತ್ರ ನಿಧಾನ.

ಹಿಂದೆ ಇವುಗಳಲ್ಲಿ ಹೆಚ್ಚಿನವು ಕಪ್ಪು ಬಣ್ಣದವು, ಆಕಾರದಲ್ಲೂ ಸಣ್ಣವು. ದ್ವೀಪಗಳ ಕಡೆ ಇವಕ್ಕೆ ಕೈಲೋ ಎಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಬಡ ಗೇಣಿದಾರನಿಗೆ ನಗದು ಎಂದರೆ ಇದೇ. ಸ್ಕೈ ದ್ವೀಪದಿಂದ ಮುಖ್ಯ ನೆಲಕ್ಕೆ ಕೈಲ್‌ರೇ ಎಂಬಲ್ಲಿ ಜಲಸಂಧಿ ಅಗಲ ಕಿರಿದು, ಸೆಳವು ಜೋರು. ಒಂದರ ದವಡೆಗೆ ಕಟ್ಟಿದ ಹಗ್ಗವನ್ನು ಮುಂದಿನದರ ಬಾಲಕ್ಕೆ ಬಿಗಿದು, ಸಾಲಾಗಿ ಈಜಿಸಿ ದಾಟಿಸುತ್ತಿದ್ದರು. ಅಲ್ಲಿಂದ ಬೆಟ್ಟದ ದಾರಿಯಲ್ಲಿ ದಿನಗಟ್ಟಲೆ ನಡಿಗೆ, ಮೊದಲು ಕ್ರೀಫ್ ಸಂತೆಗೆ, ಮುಂದಿನ ಕಾಲದಲ್ಲಿ ಫಾಲ್‌ಕರ್ಕ್ ಸಂತೆಗೆ. ಕೊಂಡವರು ಇಂಗ್ಲೆಂಡಿಗೆ ಹೊಡೆದುಕೊಂಡು ಹೋಗಿ, ನಾರ್ಫಕ್ ಹುಲ್ಲುಗಾವಲಲ್ಲಿ ಮೇಯಿಸಿ ಲಂಡನ್ನಿಗೆ ಮಾರುತ್ತಿದ್ದರು. ಗಟ್ಟಿ ರಸ್ತೆಗೆ ಗೊರಸು ಸವೆಯದಿರಲಿ ಎಂದು, ನಮ್ಮ ಗಾಡಿ ಎತ್ತುಗಳಿಗೆ ಹೊಡೆಯುವಂತೆಯೇ, ಲಾಳ ಹೊಡೆಸುತ್ತಿದ್ದುದೂ ಉಂಟು.

ಆಮೇಲೆ ಕುರಿ ಬಂತು. ಒಕ್ಕಲುಗಳ ಗೇಣಿಗಿಂತ ಕುರಿಯ ಉಣ್ಣೆ ಲಾಭ ಎಂದು ಜಮೀನುದಾರರಿಗೆ ಹೊಳೆದದ್ದೇ ತಡ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಣಿವೆ ಕಣಿವೆಗಳೇ ಖಾಲಿಯಾದವು. ಸದರ್ಲೆಂಡ್ ಸೀಮೆಯಲ್ಲಿ 1814 ಮತ್ತು 1819ರ ಎತ್ತಂಗಡಿಗಳು ಕುಖ್ಯಾತ. ಜನ ಕೆನಡಾಕ್ಕೆ, ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ದನವೂ ಹಿಂದೆ ಸರಿಯಿತು, ಆದರೆ ಅಳಿಯಲಿಲ್ಲ. 1884ರಲ್ಲಿ ಅದಕ್ಕೊಂದು ಸಂಘ, 1885ರಲ್ಲಿ ಮೊದಲ ವಂಶಾವಳಿ ಪುಸ್ತಕ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಕಾಗದದ ಮೇಲಿನ ಒಂದು ಡೇಟಾಬೇಸು: ಪ್ರತಿ ದನಕ್ಕೂ ಒಂದು ನಂಬರು, ಅಪ್ಪ ಯಾರು, ಅಮ್ಮ ಯಾರು. 1890ರ ದಶಕದಲ್ಲಿ ತಳಿ ಅಮೆರಿಕದ ಪಶ್ಚಿಮಕ್ಕೂ ಬಂತು. 1948ರಲ್ಲಿ ಇಲ್ಲೂ ಸಂಘವಾಯಿತು.

ಈ ಕಥೆ ನಮ್ಮ ಕಡೆಗೆ ತಿರುಗುವುದು ಫ್ರಾನ್ಸಿಸ್ ಬುಕಾನನ್ ಮೂಲಕ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿ 1807ರಲ್ಲಿ ಮೂರು ಸಂಪುಟ ಅಚ್ಚು ಹಾಕಿಸಿದ ಡಾಕ್ಟರು ಈತ. ನಮ್ಮ ಇತಿಹಾಸಕಾರರೆಲ್ಲ ಉಲ್ಲೇಖಿಸುವ ಈತ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬ ಊರಿನ ಹತ್ತಿರ, ಸರಿಯಾಗಿ ಆ ಮಲೆನಾಡಿನ ಅಂಚಿನಲ್ಲಿ. ಹುಡುಗನಾಗಿದ್ದಾಗ ಕೈಲೋಗಳನ್ನು ನೋಡದೆ ಇದ್ದಿರಲಾರ. ಅದೇ ಕಣ್ಣು ಸೋಂದೆ, ಶಿರಸಿ ಕಡೆಯ ಅಡಿಕೆ ತೋಟಗಳನ್ನೂ ಅವಕ್ಕೆ ಗೊಬ್ಬರ ಹಾಕುವ ಕ್ರಮವನ್ನೂ ಗಮನಿಸಿ ಬರೆದುಕೊಂಡಿತು.

ಮಲೆನಾಡು ಗಿಡ್ಡದ ಗುಟ್ಟು ಇರುವುದು ಆ ಗೊಬ್ಬರದಲ್ಲಿಯೇ. ಎತ್ತರ ಹೆಚ್ಚುಕಡಿಮೆ 3 ಅಡಿ. ತೂಕ ಹೈಲ್ಯಾಂಡ್ ಹಸುವಿನ ಕಾಲು ಭಾಗವೂ ಬರಲಿಕ್ಕಿಲ್ಲ. ಬೆಟ್ಟ ಹತ್ತುತ್ತದೆ, ಜಡಿಮಳೆ ತಡೆಯುತ್ತದೆ, ವರ್ಷವರ್ಷವೂ ಕರು ಹಾಕುವುದಕ್ಕೆ ವರ್ಷಗಂಧಿ ಎಂದೇ ಕರೆಯುತ್ತಾರೆ. ಹಾಲು ಮನೆಮಟ್ಟಿಗೆ ಸಾಕು, ಮಾರುವಷ್ಟಿಲ್ಲ. ಮಾಂಸಕ್ಕೆಂದು ಸಾಕಿದ್ದೂ ಅಲ್ಲ. ಹಾಗಾದರೆ ಕೊಟ್ಟಿಗೆ ತುಂಬ ಯಾಕೆ ಕಟ್ಟಿಕೊಂಡರು? ಸಗಣಿಗೆ. ಹಗಲು ಕಾಡಲ್ಲಿ ಮೇಯ್ದು ಬಂದ ದನದ ಕಾಲಡಿಗೆ ರಾತ್ರಿ ಸೊಪ್ಪು ಹಾಸುವುದು, ಬೇಸಿಗೆಯಲ್ಲಿ ದರಕು. ಅದು ತುಳಿದು ನೆನೆದ ಮೇಲೆ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದು ಇದಕ್ಕಾಗಿ. ಕಾಡಿನ ಸಾರವನ್ನು ತೋಟಕ್ಕೆ ಹೊತ್ತು ತರುವ ಕೆಲಸ ಗಿಡ್ಡದ್ದಾಗಿತ್ತು. ಕುವೆಂಪು ಕಾದಂಬರಿಗಳ ಕೊಟ್ಟಿಗೆ ವಾಸನೆ ನೆನಪಿರುವವರಿಗೆ ಇನ್ನಷ್ಟು ವಿವರಣೆ ಬೇಕಿಲ್ಲ.

ಇಷ್ಟೆಲ್ಲ ಮಾಡಿದ ದನಕ್ಕೆ ದಾಖಲೆಯಲ್ಲಿ ಹೆಸರೇ ಇರಲಿಲ್ಲ. ಊರದನ, ನಾಟಿ, ಜಾತಿಯಿಲ್ಲದ್ದು ಎಂದು ಒಟ್ಟಿಗೆ ಬರೆದುಬಿಡುತ್ತಿದ್ದರು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೃತಕ ಗರ್ಭಧಾರಣೆ, ಜರ್ಸಿ, ಹಾಲಿನ ಡೇರಿ ಬಂದಾಗ ಲೀಟರಿನ ಲೆಕ್ಕವೊಂದೇ ಲೆಕ್ಕವಾಯಿತು. ಆ ಲೆಕ್ಕದಲ್ಲಿ ಗಿಡ್ಡ ಸೋತಿತು. ಕೇರಳದ ವೆಚೂರು ದನಕ್ಕೂ ಇದೇ ಪಾಡಾಗಿ, ಇನ್ನೇನು ಹೋಯಿತು ಎನ್ನುವಾಗ 1989ರಲ್ಲಿ ಸೋಸಮ್ಮ ಐಪ್ ಎಂಬ ಪ್ರಾಧ್ಯಾಪಕಿ ತಮ್ಮ ವಿದ್ಯಾರ್ಥಿಗಳೊಡನೆ ಊರೂರು ಹುಡುಕಿ ಉಳಿಸಿದರು. ಮಲೆನಾಡು ಗಿಡ್ಡ ಒಂದು ಸ್ವತಂತ್ರ ತಳಿ ಎಂದು ಭಾರತದ ದಾಖಲೆಗೆ ಸೇರಿದ್ದು 2010ರ ಈಚೆಗೆ, ಹೈಲ್ಯಾಂಡ್ ಪುಸ್ತಕ ಅಚ್ಚಾಗಿ ನೂರಿಪ್ಪತ್ತೈದು ವರ್ಷ ದಾಟಿದ ಮೇಲೆ.

ಒಂದು ಮುಜುಗರದ ಮಾತನ್ನೂ ಹೇಳಿಬಿಡುತ್ತೇವೆ. ಕೊಲ್ಲುವುದಕ್ಕೆಂದೇ ಸಾಕಿದ ದನದ ಅಪ್ಪ ಅಮ್ಮಂದಿರ ಹೆಸರನ್ನು ಅವರು ಬರೆದಿಟ್ಟರು. ಪೂಜಿಸುವ ನಾವು ಬರೆದಿಡಲಿಲ್ಲ. ಇದು ಗಿಡ್ಡ ಒಂದರ ಕಥೆಯಲ್ಲ. ಬಿಜಾಪುರ, ಬೆಳಗಾವಿ ಕಡೆಯ ಕಪ್ಪುನೆಲದ ಕೃಷ್ಣಾ ಕಣಿವೆ ತಳಿ, ಗೀರ್, ನೆಲ್ಲೂರು, ಗುಜರಾತಿನ ದನಗಳ ಜೊತೆ ಸೇರಿ ಅಮೆರಿಕದಲ್ಲಿ ಮಾಂಸದ ತಳಿಯೊಂದಕ್ಕೆ ಬುಡವಾಯಿತು. ಅದಕ್ಕೆ 1924ರಲ್ಲಿ ಸಂಘ ಕಟ್ಟಿದವರು ಇಟ್ಟ ಹೆಸರು ಬ್ರಾಹ್ಮನ್! ಟೆಕ್ಸಾಸಿನಲ್ಲಿ ಅದು ಸುಖವಾಗಿದೆ. ಕೃಷ್ಣೆಯ ದಡದಲ್ಲಿ ಮೂಲ ತಳಿಯನ್ನು ಈಗ ಹುಡುಕಬೇಕು.

ಸ್ಕಾಟ್ಲೆಂಡಿನ ಒಕ್ಕಲುಗಳನ್ನು ಮನೆಗೆ ಬೆಂಕಿ ಹಚ್ಚಿ ಎಬ್ಬಿಸಿದ್ದುಂಟು. ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಓದಿದೆವು, ಬೆಂಗಳೂರಿಗೆ ಹೋದೆವು, ವೀಸಾ ಬಂತು. ತೋಟ ಹಾಗೇ ಇದೆ, ಅಡಿಕೆಗೆ ಬೆಲೆಯೂ ಇದೆ. ದನ ಮೇಯಿಸಲು, ಸೊಪ್ಪು ತರಲು ಆಳಿಲ್ಲ. ಎಪ್ಪತ್ತು ದಾಟಿದ ಅಪ್ಪ ಒಬ್ಬರೇ ಕೊಟ್ಟಿಗೆ ಬಳಿಯುವುದು ಸಾಧ್ಯವೂ ಇಲ್ಲ. ಆದ್ದರಿಂದ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಈಗ ಕಾರು ನಿಲ್ಲುತ್ತದೆ. ತೋಟಕ್ಕೆ ಗೊಬ್ಬರ ಬಯಲುಸೀಮೆಯಿಂದ ಲಾರಿಯಲ್ಲಿ ಬರುತ್ತದೆ, ಕುರಿಯದು.