ದಾನಿಗೆ ಸನ್ಮಾನ ಸಲ್ಲಬೇಕೆ? ಇತಿಹಾಸ ಕಲಿಸುವ ಪಾಠಗಳು



ನಮ್ಮ ಸಂಘ ಸಂಸ್ಥೆಗಳ ವಾರ್ಷಿಕ ಸಮಾರಂಭಗಳಲ್ಲಿ ಒಂದು ದೃಶ್ಯವನ್ನು ತಾವೆಲ್ಲರೂ ನೋಡಿರುತ್ತೀರಿ. ವೇದಿಕೆಯ ಮೇಲೆ ದಾನಿಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ನೀಡಲಾಗುತ್ತದೆ. ಅದೇ ಸಮಯಕ್ಕೆ ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು, "ದಾನ ಮಾಡಿದ ಮೇಲೆ ಇದೆಲ್ಲ ಯಾಕೆ?" ಎಂದು ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ. ಇನ್ನೊಬ್ಬರು, "ಕೊಟ್ಟವರನ್ನು ಗೌರವಿಸದಿದ್ದರೆ ನಾಳೆ ಯಾರು ಕೊಡುತ್ತಾರೆ?" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಬೆಂಗಳೂರಿನ ಎರಡು ಸಂಸ್ಥೆಗಳನ್ನು ನೋಡೋಣ. ಜಮ್‌ಶೆಟ್‌ಜಿ ಟಾಟಾ ಅವರು ಭಾರತದಲ್ಲಿ ಉನ್ನತ ವಿಜ್ಞಾನ ಸಂಶೋಧನೆಗೆ ಒಂದು ಕೇಂದ್ರ ಬೇಕೆಂದು 1898ರ ಹೊತ್ತಿಗೆ ಮುಂಬಯಿಯಲ್ಲಿದ್ದ ಸುಮಾರು 30 ಲಕ್ಷ ರೂಪಾಯಿ ಬೆಲೆಯ ತಮ್ಮ ಆಸ್ತಿಯನ್ನು ಕೊಡಲು ಮುಂದೆ ಬಂದರು. ಮೈಸೂರು ಸಂಸ್ಥಾನವು 371 ಎಕರೆ ಜಮೀನನ್ನೂ ಹಣದ ನೆರವನ್ನೂ ನೀಡಿತು. 1904ರಲ್ಲಿ ಜಮ್‌ಶೆಟ್‌ಜಿ ತೀರಿಕೊಂಡರು. ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಅದಕ್ಕೆ ಇಟ್ಟ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ; ದಾನಿಯ ಹೆಸರು ಅದರಲ್ಲಿಲ್ಲ. ಅವರ ಇಬ್ಬರು ಮಕ್ಕಳಿಗೆ ಮುಂದೆ 'ಸರ್' ಪದವಿ ದೊರೆಯಿತು, ಆದರೆ ಜಮ್‌ಶೆಟ್‌ಜಿಯವರಿಗೆ ಯಾವ ಬಿರುದೂ ಇರಲಿಲ್ಲ. ಆದರೂ ಇಂದಿಗೂ ಬೆಂಗಳೂರಿನ ಹಳಬರು ಅದನ್ನು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ.

ಇನ್ನೊಂದು, ಶಿವಾಜಿನಗರದ ಘೋಷಾ ಆಸ್ಪತ್ರೆ. ಇದಕ್ಕೆ ಕಾರಣರಾದವರು ಕಚ್ಛೀ ಮೆಮನ್ ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಠ್. ಪರದೆಯಲ್ಲಿರುವ ಹೆಂಗಸರು ಸಾಮಾನ್ಯ ಆಸ್ಪತ್ರೆಗೆ ಹೋಗಲು ಹಿಂಜರಿದು ಹೆರಿಗೆಯಲ್ಲಿ ಕಷ್ಟಪಡುತ್ತಿದ್ದ ಕಾಲವದು. 'ಘೋಷಾ' ಎಂದರೆ ಪರದೆ ಎಂದೇ ಅರ್ಥ. ಸೇಠ್ ಅವರಿಗೆ ಬ್ರಿಟಿಷ್ ಸರಕಾರ 'ಖಾನ್ ಬಹಾದ್ದೂರ್' ಬಿರುದನ್ನೂ 1923ರಲ್ಲಿ 'ಸರ್' ಪದವಿಯನ್ನೂ ಕೊಟ್ಟಿತು. ಆಸ್ಪತ್ರೆಗೆ ಅವರ ಹೆಸರೇ ಇದೆ. ಆದರೆ ಈಗ ಫಲಕದಲ್ಲಿ ಅದು 'ಎಚ್.ಎಸ್.ಐ.ಎಸ್.' ಎಂಬ ನಾಲ್ಕು ಅಕ್ಷರಗಳಾಗಿ ಉಳಿದಿದೆ. ಅಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಆ ಅಕ್ಷರಗಳ ಅರ್ಥ ತಿಳಿದಿಲ್ಲ. ಹೆಸರು ಬರೆಸದ ದಾನಿಯ ಹೆಸರು ಜನರ ಬಾಯಲ್ಲಿ ಉಳಿಯಿತು, ಬರೆದ ಹೆಸರು ಮರೆತುಹೋಯಿತು. ಆದ್ದರಿಂದ ಬಿರುದು, ಫಲಕಗಳಿಂದಲೇ ಹೆಸರು ಶಾಶ್ವತವಾಗುತ್ತದೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಹಾಗಾದರೆ ದಾನಿಯ ಹೆಸರನ್ನು ದಾಖಲಿಸುವುದೇ ಬೇಡವೇ? ಹಾಗೆ ಹೇಳಲಾಗದು. ಕರ್ನಾಟಕದ ಹಳೆಯ ದಾನಶಾಸನಗಳನ್ನು ಗಮನಿಸಿ. ಯಾರು, ಯಾವ ಭೂಮಿಯನ್ನು, ಯಾವ ಎಲ್ಲೆಗಳೊಳಗೆ, ಯಾವ ಕಾರ್ಯಕ್ಕಾಗಿ ಕೊಟ್ಟರು ಎಂದು ಕಲ್ಲಿನಲ್ಲಿ ಕೆತ್ತಿಸಿ, ಕೊನೆಗೆ ಅದನ್ನು ಕಬಳಿಸುವವರಿಗೆ ಶಾಪವನ್ನೂ ಬರೆಸುತ್ತಿದ್ದರು. ಅಲ್ಲಿ ಹೊಗಳಿಕೆ ಇದ್ದರೂ ಮುಖ್ಯ ಕೆಲಸ ದಾನದ ರಕ್ಷಣೆ. ನಮ್ಮ ವಕ್ಫ್ ಪತ್ರಗಳ ಉದ್ದೇಶವೂ ಅದೇ.

ಇದು ಎಷ್ಟು ಅಗತ್ಯವೆಂಬುದಕ್ಕೆ ಬಂಗಾಳದ ಹಾಜಿ ಮುಹಮ್ಮದ್ ಮೊಹ್ಸಿನ್ ಅವರ ಕಥೆ ಸಾಕು. 1732ರಲ್ಲಿ ಹೂಗ್ಲಿಯಲ್ಲಿ ಹುಟ್ಟಿದ ಅವರು ಮದುವೆಯಾಗಲಿಲ್ಲ. ಸಹೋದರಿಯಿಂದ ಬಂದ ದೊಡ್ಡ ಜಮೀನ್ದಾರಿಯನ್ನು 1806ರಲ್ಲಿ ಧರ್ಮಕಾರ್ಯಗಳಿಗೆ ವಕ್ಫ್ ಮಾಡಿ, ತಾವು ಸರಳವಾಗಿ ಬದುಕಿ, 1812ರಲ್ಲಿ ತೀರಿಕೊಂಡರು. ಅನಂತರ ಉಸ್ತುವಾರಿ ವಹಿಸಿದ ಮುತವಲ್ಲಿಗಳು ಆ ಆಸ್ತಿಯನ್ನು ಸರಿಯಾಗಿ ನಡೆಸಲಿಲ್ಲವೆಂದು ಸರಕಾರ ಅದನ್ನು ವಹಿಸಿಕೊಂಡಿತು. ಅದರ ಹಣದಿಂದ 1836ರಲ್ಲಿ ಹೂಗ್ಲಿ ಕಾಲೇಜು ಆರಂಭವಾಯಿತು. ಪ್ರಸಿದ್ಧ ಲೇಖಕ ಬಂಕಿಮಚಂದ್ರರೂ ಅಲ್ಲಿ ಕಲಿತರು. ಆದರೆ ಅಲ್ಲಿ ಬಡ ಮುಸ್ಲಿಂ ವಿದ್ಯಾರ್ಥಿಗಳು ಬಹಳ ಕಡಿಮೆ ಇದ್ದಾರೆಂಬ ದೂರು ಬೆಳೆದು, 1873ರಲ್ಲಿ ನಿಧಿಯನ್ನು ಅವರ ವಿದ್ಯಾರ್ಥಿವೇತನಕ್ಕೂ ಮದ್ರಸಗಳಿಗೂ ತಿರುಗಿಸಲಾಯಿತು. ಆ ದೂರಿಗೆ ಬಲ ಬಂದದ್ದು ದಾನಪತ್ರ ದಾಖಲೆಯಲ್ಲಿ ಉಳಿದಿದ್ದರಿಂದ. ಮೊಹ್ಸಿನ್ ಅವರನ್ನು ಸ್ಮರಿಸುವುದೆಂದರೆ ಅವರ ಉದ್ದೇಶವನ್ನು ಕಾಯುವುದು ಎಂದರ್ಥ.

ಸರ್ ಸಯ್ಯದ್ ಅಹ್ಮದ್ ಖಾನರು 1875ರಲ್ಲಿ ಆರಂಭಿಸಿದ ಆಲಿಗಢದ ವಿದ್ಯಾಸಂಸ್ಥೆಯಲ್ಲಿ ಇನ್ನೊಂದು ಮಾದರಿ ಇದೆ. ಅವರು ನವಾಬರಿಂದ, ಹಿಂದೂ ಮಹಾರಾಜರಿಂದ, ಸಾಮಾನ್ಯ ಗೃಹಸ್ಥರಿಂದ ಚಂದಾ ಎತ್ತಿದರು. ಸ್ಟ್ರೇಚಿ ಹಾಲ್‌ನ ಗೋಡೆಗಳಲ್ಲಿ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಲಾಗಿದೆ. ಸರ್ ಸಯ್ಯದರಿಗೆ ಹಣ ಬೇಕಿತ್ತು, ಹೆಸರಿನ ಆಸೆ ಮನುಷ್ಯನಿಗೆ ಇರುತ್ತದೆಂದೂ ಗೊತ್ತಿತ್ತು. ಆ ಆಸೆಯನ್ನು ಅವರು ಕಾಲೇಜಿನ ಇಟ್ಟಿಗೆಯಾಗಿ ಮಾಡಿಕೊಂಡರು. ಸನ್ಮಾನವನ್ನು ಸಂಪೂರ್ಣ ತಳ್ಳಿಹಾಕುವವರು ಈ ವಿಷಯವನ್ನೂ ಯೋಚಿಸಬೇಕು.

ಇನ್ನು ಈ ಪ್ರಶ್ನೆಯ ಕಠಿಣ ಭಾಗಕ್ಕೆ ಬರೋಣ. ಹಣ ಎಲ್ಲಿಂದ ಬಂತು? ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಜಗತ್ತಿನ ಹಲವೆಡೆ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಕಟ್ಟಲ್ಪಟ್ಟವು. ಆದರೆ 1892ರಲ್ಲಿ ಅವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿವಾದ ಹೊಡೆದಾಟಕ್ಕೆ ತಿರುಗಿ ಕಾರ್ಮಿಕರು ಪ್ರಾಣ ಕಳೆದುಕೊಂಡರು, ಅವರ ಸಂಘ ಮುರಿಯಿತು. ಆರು ವರ್ಷಗಳ ನಂತರ ಅಲ್ಲಿಯೂ ಒಂದು ಕಾರ್ನೆಗಿ ಗ್ರಂಥಾಲಯ ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನು ಪುಸ್ತಕ ಓದುವುದು ಯಾವಾಗ?

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಎಡ್ವರ್ಡ್ ಕೋಲ್‌ಸ್ಟನ್ ಶಾಲೆಗಳಿಗೂ ಬಡವರ ವಸತಿಗೂ ಧಾರಾಳವಾಗಿ ದಾನ ಮಾಡಿದವನು. 1895ರಲ್ಲಿ ನಗರದಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಆದರೆ ಅವನು ಆಫ್ರಿಕದ ಜನರನ್ನು ಗುಲಾಮರಾಗಿ ಸಾಗಿಸುತ್ತಿದ್ದ ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬ. 2020ರ ಜೂನ್‌ನಲ್ಲಿ ಜನರು ಆ ಪ್ರತಿಮೆಯನ್ನು ಉರುಳಿಸಿ ಬಂದರಿನ ನೀರಿಗೆ ತಳ್ಳಿದರು. ದಾನದಿಂದ ಗಳಿಕೆ ಶುದ್ಧವಾಗುವುದಿಲ್ಲ. ನಮ್ಮ ಧರ್ಮದಲ್ಲಿ ಝಕಾತ್ ಸಂಪತ್ತನ್ನು ಶುದ್ಧಗೊಳಿಸುತ್ತದೆ, ನಿಜ. ಆದರೆ ಅದು ಹಲಾಲ್ ಸಂಪತ್ತಿನ ಮಾತು. ಕಿತ್ತುಕೊಂಡ ಹಣ ಕಳೆದುಕೊಂಡವನಿಗೆ ಸೇರಬೇಕಾದದ್ದು.

ಇಸ್ಲಾಮ್ ಈ ವಿಷಯದಲ್ಲಿ ಸಮತೋಲನವನ್ನು ಕಲಿಸಿದೆ. ಬಹಿರಂಗವಾಗಿ ಕೊಡುವುದು ಒಳ್ಳೆಯದು, ಗುಟ್ಟಾಗಿ ಬಡವರಿಗೆ ತಲುಪಿಸುವುದು ಇನ್ನೂ ಉತ್ತಮ ಎಂಬುದು ಪವಿತ್ರ ಕುರ್‌ಆನ್‌ನ ಬೋಧನೆ. ಉದಾರಿ ಎನಿಸಿಕೊಳ್ಳಲೆಂದೇ ಕೊಟ್ಟ ಶ್ರೀಮಂತನಿಗೆ ಪರಲೋಕದಲ್ಲಿ ಏನೂ ಉಳಿದಿರುವುದಿಲ್ಲ, ಅವನು ಬಯಸಿದ್ದನ್ನು ಜನರು ಇಲ್ಲಿಯೇ ಹೇಳಿಯಾಗಿದೆ ಎಂಬ ಎಚ್ಚರಿಕೆ ಹದೀಸಿನಲ್ಲಿದೆ. ಅದೇ ಪ್ರವಾದಿ ಮುಹಮ್ಮದ್(ಸ)ರವರು, ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂದೂ ಕಲಿಸಿದರು. ಮೊದಲನೆಯದು ಕೊಡುವವನಿಗೆ ಹೇಳಿದ ಮಾತು, ಎರಡನೆಯದು ಪಡೆಯುವವನಿಗೆ. ಹೊಗಳಿಕೆಯನ್ನು ಬಯಸದಿರುವುದು ದಾನಿಯ ಕರ್ತವ್ಯ, ಉಪಕಾರವನ್ನು ಮರೆಯದಿರುವುದು ನಮ್ಮ ಕರ್ತವ್ಯ. ನಾವು ಮಾಡುವ ತಪ್ಪೆಂದರೆ ಇವುಗಳನ್ನು ಅದಲು ಬದಲು ಮಾಡುವುದು.

ಸರಕಾರ ಕೊಡುವ ಗೌರವದ ವಿಷಯವೇನು? ನಮ್ಮ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದುಪಡಿಸಿದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವುಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಅಝೀಮ್ ಪ್ರೇಮ್‌ಜಿಯವರಿಗೆ 2005ರಲ್ಲಿ ಪದ್ಮಭೂಷಣ, 2011ರಲ್ಲಿ ಪದ್ಮವಿಭೂಷಣ ದೊರೆತದ್ದು ವಾಣಿಜ್ಯ ಮತ್ತು ಕೈಗಾರಿಕೆಯ ವಿಭಾಗದಲ್ಲಿ. ಅನಂತರ, 2019ರಲ್ಲಿ, ಅವರು ವಿಪ್ರೋದ ಇನ್ನಷ್ಟು ಶೇರುಗಳ ಲಾಭವನ್ನು ತಮ್ಮ ಪ್ರತಿಷ್ಠಾನಕ್ಕೆ ಮೀಸಲಿಟ್ಟಾಗ ಒಟ್ಟು ಕೊಡುಗೆ ಸುಮಾರು 1.45 ಲಕ್ಷ ಕೋಟಿ ರೂಪಾಯಿಗೆ ಏರಿತು. 2024ರಲ್ಲಿ ಅದೇ ಪ್ರತಿಷ್ಠಾನವು ಕರ್ನಾಟಕದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೀಡಲು ಒಪ್ಪಿತು. ಪ್ರಶಸ್ತಿ ಮೊದಲೇ ಬಂದಿತ್ತು, ದೊಡ್ಡ ಕೊಡುಗೆ ನಂತರ ಬಂತು. ಹೀಗಿರುವಾಗ ಪ್ರಶಸ್ತಿಯ ಆಸೆಗೆ ಕೊಟ್ಟರು ಎನ್ನಲು ಎಡೆಯೇ ಇಲ್ಲ. ಊಟದ ತಟ್ಟೆಯಲ್ಲಿ ಮೊಟ್ಟೆ ತೆಗೆದುಕೊಳ್ಳುವ ಮಗು ಯಾರ ಎದುರೂ ತಲೆ ತಗ್ಗಿಸಬೇಕಾಗಿಲ್ಲ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ.

ಇಲ್ಲಿ ಒಂದು ಘಟನೆಯನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಸಮಾರಂಭದಲ್ಲಿ ವಿದ್ಯಾರ್ಥಿವೇತನ ಪಡೆಯಬೇಕಿತ್ತು. ಅವಳು ಬರಲಿಲ್ಲ. ಮರುದಿನ ಕೇಳಿದೆ. "ಸರ್, ಹೋದ ವರ್ಷ ಅಕ್ಕನ ಫೋಟೋ ಪೇಪರಿನಲ್ಲಿ ಬಂತು. ಕೆಳಗೆ 'ಬಡ ವಿದ್ಯಾರ್ಥಿನಿ' ಅಂತ ಹಾಕಿದ್ರು. ಅಮ್ಮೀ ಈ ಸಲ ಬೇಡ ಅಂದ್ರು" ಎಂದಳು. ಆ ಹಣವಿಲ್ಲದೆ ಅವಳ ಪಿಯುಸಿ ಪ್ರವೇಶ ಒಂದು ವರ್ಷ ತಡವಾಯಿತು. ಅಂದು ದಾನಿಗೆ ಶಾಲು ಹೊದಿಸಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಆ ಶಾಲಿನ ಬೆಲೆಯನ್ನು ಒಂದು ಹುಡುಗಿ ತನ್ನ ಮಾನದಿಂದ ತೆರಬೇಕಾಗಿ ಬಂದದ್ದು ತಪ್ಪು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ದಾನಿಗಳನ್ನು ಗೌರವಿಸೋಣ, ಆದರೆ ಮೊತ್ತವನ್ನು ನೋಡಿ ಅಲ್ಲ, ಕೆಲಸವನ್ನು ನೋಡಿ. ಗೌರವಿಸುವ ಮೊದಲು ಅವರ ಗಳಿಕೆಯ ದಾರಿಯನ್ನೂ, ತಮ್ಮ ಕೂಲಿಯಾಳುಗಳೊಂದಿಗೆ ಅವರು ನಡೆದುಕೊಳ್ಳುವ ರೀತಿಯನ್ನೂ ವಿಚಾರಿಸೋಣ. ದಾನದ ಲೆಕ್ಕ ಪ್ರತಿವರ್ಷ ಸದಸ್ಯರ ಮುಂದೆ ಬರಲಿ. ಐದು ಲಕ್ಷ ಕೊಟ್ಟವರ ಹೆಸರಿನ ಜತೆ, ತಿಂಗಳಿಗೆ ಐವತ್ತು ರೂಪಾಯಿಯನ್ನು ತಪ್ಪದೆ ಕೊಡುವ ಬೀಡಿ ಕಟ್ಟುವ ತಾಯಿಯ ಹೆಸರೂ, ಆಕೆ ಒಪ್ಪಿದರೆ, ಅದೇ ಪಟ್ಟಿಯಲ್ಲಿ ಅದೇ ಗಾತ್ರದ ಅಕ್ಷರದಲ್ಲಿರಲಿ. ವೇದಿಕೆಯ ಮೇಲೆ ಕೊಟ್ಟವರು ಬರಲಿ, ಪಡೆಯುವ ಮಕ್ಕಳ ಹೆಸರು ಕಚೇರಿಯ ಕಡತದಲ್ಲಿ ಮಾತ್ರ ಇರಲಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಇಂದು ಯಾರದೋ ನೆರವಿನಿಂದ ಓದುತ್ತಿದ್ದೀರಿ. ಅದಕ್ಕಾಗಿ ನಾಚಬೇಡಿ, ಅದನ್ನು ಮರೆಯಲೂ ಬೇಡಿ. ನಾಳೆ ನೀವು ಗಳಿಸಿದಾಗ ಇನ್ನೊಬ್ಬ ವಿದ್ಯಾರ್ಥಿಯ ಫೀಸು ಕಟ್ಟಿ. ನಿಮ್ಮ ದಾನಿಗೆ ನೀವು ಮಾಡಬಹುದಾದ ಸನ್ಮಾನ ಅದು. ಕೊಡುವ ಕೈಗಳಿಗೆ ಅಲ್ಲಾಹನು ಶುದ್ಧ ಉದ್ದೇಶವನ್ನೂ ಪಡೆಯುವ ಕೈಗಳಿಗೆ ಕೊಡುವ ದಿನವನ್ನೂ ಕರುಣಿಸಲಿ. ಆಮೀನ್.