ಮಾಳಿಗೆಯ ಮಣ್ಣು

ವಿಜಯಪುರದ ಇತಿಹಾಸವೆಂದೊಡನೆ ಗೋಳಗುಮ್ಮಟವು ಕಣ್ಮುಂದೆ ನಿಲ್ಲುವದು. ಬಾದಶಹರ ಗುಮ್ಮಟಕ್ಕಿರುವಂತೆ ಒಕ್ಕಲಿನವನ ಮಾಳಿಗೆಗೂ ಒಂದು ಇತಿಹಾಸವುಂಟು. ಅದನ್ನು ಬರೆದವರು ವಿರಳ.

ತಿಕೋಟಾ ಸೀಮೆಯ ಹಳೆಯ ಮನೆಗಳನ್ನು ನೋಡಿರಿ. ಗೋಡೆಗೆ ನೆಲದ ಕರಿಗಲ್ಲು, ಕೆಸರು. ಮೇಲೆ ಬೇವಿನ ತೊಲೆ, ಜಂತೆ. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಮುದ್ದೆ. ಪೈರಿಗೆ ಬಾರದ ಈ ಮಣ್ಣೇ ಮನೆಗೆ ಮೇಲಾಯಿತು. ಅದರ ಕ್ಷಾರಗುಣದಿಂದ ಕಣಗಳು ನೆನೆದೊಡನೆ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿ, ನೀರನ್ನು ಕೆಳಗಿಳಿಯಗೊಡುವದಿಲ್ಲ. ಬೇಸಿಗೆಯ ಬಿಸಿಲನ್ನೂ ಅದು ತಡೆವದು. ಮನೆ ಬಿದ್ದರೆ ಕಲ್ಲು ಮತ್ತೊಂದು ಗೋಡೆಗೆ, ಮಣ್ಣು ಮರಳಿ ಮಣ್ಣಿಗೆ.

ಇಷ್ಟು ಹೊಗಳಿ ಸುಮ್ಮನಾದರೆ ಇತಿಹಾಸಕ್ಕೆ ಅಪಚಾರವಾದೀತು. 1993ನೆಯ ಸಪ್ಟಂಬರ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಇಂಥವೇ ಗೋಡೆ, ಇಂಥವೇ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದವು. 7,000ಕ್ಕೂ ಮಿಕ್ಕಿ ಜನರು ಮಡಿದರು. ಹಳೆಯದನ್ನು ಇಳಿಸದೆ ವರ್ಷವರ್ಷವೂ ಹೊಸ ಮಣ್ಣು ಹೇರಿದುದರಿಂದ ಮಾಳಿಗೆಯ ಭಾರವು ಬೆಳೆದಿತ್ತು. ಗೋಡೆಯ ಎರಡು ಮೈಗಳನ್ನು ಕೂಡಿಸುವ ಉದ್ದನೆಯ ಕಲ್ಲುಗಳಿರಲಿಲ್ಲ.

ಆದುದರಿಂದ ತಪ್ಪು ಮಣ್ಣಿನದಲ್ಲ. ಅಳತೆ ಮೀರಿದ ಭಾರದ್ದು, ಬಿಗಿಯಿಲ್ಲದ ಗೋಡೆಯದು. ಹಳೆಯ ಮಣ್ಣನ್ನು ಇಳಿಸಿ ಹೊಸದನ್ನು ತೆಳುವಾಗಿ ಹರವುವದು, ಗೋಡೆಯಲ್ಲಿ ಅಡ್ಡಬಿಗಿಗಳನ್ನು ಕೂಡಿಸುವದು, ಗೆದ್ದಲು ತಿಂದ ತೊಲೆಯನ್ನು ಬದಲಿಸುವದು: ಕಿಲ್ಲಾರಿಯ ತರುವಾಯ ತಜ್ಞರು ಬೋಧಿಸಿದ ದುರಸ್ತಿಯೂ ಇಂಥದೇ. ಪೂರ್ವಜರ ಮನೆಯನ್ನು ಕೆಡವಿ ತಗಡು ಹೊದಿಸುವ ಮುನ್ನ ವಾಚಕರು ಒಮ್ಮೆ ಮಾಳಿಗೆಯನ್ನೇರಿ, ಅಲ್ಲಿ ಎಷ್ಟು ತಲೆಗಳ ಮಣ್ಣು ಕುಳಿತಿದೆಯೆಂದು ಅಗೆದು ನೋಡಲಿ. ಉಳಿಸುವದಕ್ಕೂ ಮೊದಲು ಇಳಿಸಬೇಕಾದುದು ಅದೇ.