ಥೈರಿಸ್ಟರ್

ಗ್ರೀಕಿನಲ್ಲಿ ‘ಥೈರಾ’ ಎಂದರೆ ಬಾಗಿಲು. ಅನಿಲ ತುಂಬಿದ ‘ಥೈರಟ್ರಾನ್’ ಕೊಳವೆಯ ಹೆಸರು ಹುಟ್ಟಿದ್ದು ಅದರಿಂದ. ಅದಕ್ಕೆ ಟ್ರಾನ್ಸಿಸ್ಟರಿನ ಬಾಲ ಅಂಟಿ, ಅರೆವಾಹಕದಿಂದಾದ ಒಂದು ವಿದ್ಯುತ್ ಸ್ವಿಚ್ಚಿಗೆ ಥೈರಿಸ್ಟರ್ ಎಂಬ ಹೆಸರಾಯಿತು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ರೂಪಿಸಿದಾಗ ಇದನ್ನು ಎಸ್‌ಸಿಆರ್ (ಸಿಲಿಕಾನ್ ಕಂಟ್ರೋಲ್ಡ್ ರೆಕ್ಟಿಫೈಯರ್) ಎನ್ನುತ್ತಿದ್ದರು, ಈಗಲೂ ಅನ್ನುವವರಿದ್ದಾರೆ.

ಒಳಗಿರುವುದು ಪಿ-ಎನ್-ಪಿ-ಎನ್ ಎಂಬ ನಾಲ್ಕು ಪದರ. ಗೇಟ್ ಎಂಬ ನಿಯಂತ್ರಣ ತುದಿಗೆ ಒಮ್ಮೆ ಸಣ್ಣ ವಿದ್ಯುತ್ ಕೊಟ್ಟರೆ ಸಾಕು, ಹರಿವು ಶುರುವಾಗುತ್ತದೆ. ಆಮೇಲೆ ಅದನ್ನು ತೆಗೆದರೂ ಹರಿವು ನಿಲ್ಲದು. ನಿಲ್ಲಬೇಕಾದರೆ ಹರಿವೇ ಒಂದು ಮಿತಿಗಿಂತ ಕುಗ್ಗಬೇಕು. ಕಂಪ್ಯೂಟರ್ ಮೆಮೊರಿಯ ವಿನ್ಯಾಸಕರಿಗೆ ಹಿಡಿಸಿದ್ದು ಈ ಹಟಮಾರಿತನ: ಹರಿಯುತ್ತಿದ್ದರೆ 1, ಇಲ್ಲದಿದ್ದರೆ 0. ಈಗ ಬಳಕೆಯಲ್ಲಿರುವ ಡಿರ್ಯಾಮ್ ಮೆಮೊರಿಗೆ ಬೇಕಾದ ಕೆಪಾಸಿಟರ್ ಇಲ್ಲಿ ಬೇಡ. ಹಾಗಾಗಿ ಕೋಶಗಳನ್ನು ಮಹಡಿ ಮೇಲೆ ಮಹಡಿಯಾಗಿ ಪೇರಿಸುವುದು ಸುಲಭವಾದೀತು ಎಂಬುದು ಮೂರು ಆಯಾಮದ ವಿನ್ಯಾಸದ ಲೆಕ್ಕಾಚಾರ. ಕಾಗದದ ಮೇಲೇನೋ ಚೆಂದ. ನಾವು ಕೊಳ್ಳುವ ಕಂಪ್ಯೂಟರುಗಳಲ್ಲಿ ಮಾತ್ರ ಇನ್ನೂ ಡಿರ್ಯಾಮೇ ಇದೆ.